ವಿಗ್ರಹಗಳನ್ನು ಓದಲು ಕಲಿಸಿದ ಡಾ. ಆನಂದ ಕುಮಾರಸ್ವಾಮಿ

ಬಸದಿಗೆ ಬಂದ ಮಕ್ಕಳು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ಸ್ವಾಮಿಯ ಕೈಯಲ್ಲಿ ಯಾಕೆ ಏನೂ ಇಲ್ಲ? ಇಪ್ಪತ್ತನಾಲ್ಕು ತೀರ್ಥಂಕರರ ಮುಖವೂ ಯಾಕೆ ಒಂದೇ ತರಹ ಇದೆ? ಪದ್ಮಾವತಿ ಅಮ್ಮನವರಿಗೆ ಸೀರೆ, ಒಡವೆ ಎಲ್ಲ ಇರುವಾಗ ಪಾರ್ಶ್ವನಾಥ ಸ್ವಾಮಿಗೆ ಯಾಕಿಲ್ಲ? ಹೆಚ್ಚಿನ ಮನೆಗಳಲ್ಲಿ ಹಿರಿಯರು, ಮೊದಲು ಕೈ ಮುಗಿ, ಆಮೇಲೆ ಹೇಳುತ್ತೇನೆ ಎಂದು ಮುಂದೆ ಸಾಗುತ್ತಾರೆ. ಆಮೇಲೆ ಹೇಳುವುದು ಮರೆತೇ ಹೋಗುತ್ತದೆ.

ಇಂತಹ ಪ್ರಶ್ನೆಗಳನ್ನೇ ಜೀವಮಾನವಿಡೀ ಕೇಳಿಕೊಂಡು, ಜಗತ್ತಿನ ಬೇರೆ ಬೇರೆ ಜನ ತಮ್ಮ ದೇವರನ್ನು, ಯಕ್ಷರನ್ನು, ಭೂತಗಣಗಳನ್ನು ಯಾಕೆ ಹೀಗೆ ಕೆತ್ತಿದರು, ಯಾಕೆ ಹೀಗೆ ಬರೆದರು ಎಂದು ಹುಡುಕಿದ ಮಹನೀಯರೊಬ್ಬರಿದ್ದರು. ಅವರೇ ಡಾ. ಆನಂದ ಕೆಂಟಿಶ್ ಕುಮಾರಸ್ವಾಮಿ. ನಟರಾಜನ ವಿಗ್ರಹದ ಅರ್ಥವನ್ನು ಪಾಶ್ಚಾತ್ಯರಿಗೆ ತಿಳಿಸಿದವರು ಎಂದು ಅವರ ಹೆಸರನ್ನು ಹಲವರು ಕೇಳಿರಬಹುದು. ಜೈನ ಚಿತ್ರಕಲೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಮೊದಲ ದೊಡ್ಡ ಗ್ರಂಥಗಳಲ್ಲಿ ಒಂದನ್ನು ಸಿದ್ಧಪಡಿಸಿದವರೂ ಅವರೇ ಎಂಬುದು ಸಮಾಜದಲ್ಲಿ ಅಷ್ಟಾಗಿ ತಿಳಿದಿಲ್ಲ.

ಜನನ ಮತ್ತು ಬಾಲ್ಯ

ಆನಂದ ಕುಮಾರಸ್ವಾಮಿ ಹುಟ್ಟಿದ್ದು 1877ರ ಆಗಸ್ಟ್ 22ರಂದು, ಆಗಿನ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ ಕೊಲಂಬೊ ನಗರದಲ್ಲಿ. ತಂದೆ ಸರ್ ಮುತ್ತು ಕುಮಾರಸ್ವಾಮಿ ತಮಿಳು ಮನೆತನದವರು, ಹೆಸರಾಂತ ವಕೀಲರು. ಪಾಲಿ ಭಾಷೆಯ ಸುತ್ತನಿಪಾತವನ್ನು ಇಂಗ್ಲಿಷಿಗೆ ತಂದ ವಿದ್ವಾಂಸರೂ ಹೌದು. ತಾಯಿ ಎಲಿಜಬೆತ್ ಬೀಬಿ ಇಂಗ್ಲೆಂಡಿನ ಕೆಂಟ್ ಪ್ರಾಂತದವರು. ಮಗನ ಹೆಸರಿನ ನಡುವೆ ಕೆಂಟಿಶ್ ಎಂಬ ಮಾತು ಬಂದದ್ದು ಅಲ್ಲಿಂದಲೇ.

ಮಗುವಿಗೆ ಎರಡು ವರ್ಷ ತುಂಬುವ ಮುಂಚೆ ತಾಯಿ ಅದನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು. ತಂದೆ ಹಿಂದಿನಿಂದ ಬರಬೇಕಿತ್ತು. ಆದರೆ ಹಡಗು ಹತ್ತುವ ಮುಂಚೆಯೇ, 1879ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಹೀಗೆ ತಂದೆಯ ಊರನ್ನೂ ಭಾಷೆಯನ್ನೂ ಕಾಣದೆ ಹುಡುಗ ಇಂಗ್ಲೆಂಡಿನಲ್ಲಿ ಬೆಳೆದ. ಶಾಲೆ ಓದಿದ್ದು ವೈಕ್ಲಿಫ್ ಕಾಲೇಜಿನಲ್ಲಿ. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಭೂವಿಜ್ಞಾನ ಮತ್ತು ಸಸ್ಯವಿಜ್ಞಾನ ಓದಿ 1900ರಲ್ಲಿ ಪದವಿ ಪಡೆದರು. ಕಲ್ಲು, ಮಣ್ಣು, ಖನಿಜ ಇವೇ ಅವರ ವಿದ್ಯೆ. ವಿಗ್ರಹಕ್ಕೂ ಅವರಿಗೂ ಆಗ ಯಾವ ಸಂಬಂಧವೂ ಇರಲಿಲ್ಲ.

ಕಲ್ಲು ಹುಡುಕಲು ಹೋದವರಿಗೆ ಶಿಲ್ಪ ಸಿಕ್ಕಿತು

1903ರ ಸುಮಾರಿಗೆ ಸಿಲೋನಿನ ಖನಿಜ ಸಮೀಕ್ಷೆಯ ಮುಖ್ಯಸ್ಥರಾಗಿ ಅವರು ಹುಟ್ಟಿದ ನಾಡಿಗೆ ಮರಳಿದರು. ಥೋರಿಯನೈಟ್ ಎಂಬ ಖನಿಜವನ್ನು ಗುರುತಿಸಿದ್ದು ಆ ದಿನಗಳಲ್ಲಿ. ಅವರ ವಿಜ್ಞಾನದ ಕೆಲಸವನ್ನು ಮೆಚ್ಚಿ ಲಂಡನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು.

ಖನಿಜಕ್ಕಾಗಿ ಹಳ್ಳಿ ಹಳ್ಳಿ ತಿರುಗುವಾಗ ಅವರ ಕಣ್ಣಿಗೆ ಬೇರೆಯೇ ಒಂದು ಸಂಗತಿ ಬಿತ್ತು. ವಿಹಾರಗಳ ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದವರು, ಬುದ್ಧನ ಮೂರ್ತಿ ಮಾಡುತ್ತಿದ್ದವರು, ಹಿತ್ತಾಳೆ ಕೆಲಸದವರು, ದಂತದ ಕೆಲಸದವರು ಒಬ್ಬೊಬ್ಬರಾಗಿ ಕಸುಬು ಬಿಡುತ್ತಿದ್ದರು. ಹಿಂದೆ ಕ್ಯಾಂಡಿಯ ರಾಜರು ಶಿಲ್ಪಿಗಳಿಗೆ ಉಂಬಳಿ ಭೂಮಿ ಕೊಟ್ಟಿದ್ದರು. ಭೂಮಿ ಉಣ್ಣುವವನು ದೇವಾಲಯದ ಕೆಲಸ ಮಾಡಿಕೊಡಬೇಕು. 1815ರಲ್ಲಿ ಕ್ಯಾಂಡಿ ರಾಜ್ಯ ಬ್ರಿಟಿಷರ ವಶವಾದ ಮೇಲೆ ಈ ಏರ್ಪಾಡು ಸಡಿಲವಾಯಿತು. ಕಾರ್ಖಾನೆಯ ಅಗ್ಗದ ಸಾಮಾನು ಬಂದ ಮೇಲೆ ಕೈಕೆಲಸವನ್ನು ಕೇಳುವವರೂ ಕಡಿಮೆಯಾದರು. ಜನರ ಭಕ್ತಿ ಹಾಗೆಯೇ ಇದ್ದರೂ ಆ ಭಕ್ತಿಗೆ ರೂಪ ಕೊಡುವ ಕೈಗಳು ಕಡಿಮೆಯಾಗುತ್ತಿರುವುದನ್ನು ಅವರು ಕಂಡರು.

ಅವರು ಸುಮ್ಮನೆ ಕೂರಲಿಲ್ಲ. ಉಳಿದಿದ್ದ ಶಿಲ್ಪಿಗಳ ಬಳಿ ಹೋಗಿ ಕೂತು, ಅಳತೆ, ಬಣ್ಣ, ಉಳಿ, ಕ್ರಮ ಎಲ್ಲವನ್ನೂ ಕೇಳಿ ಬರೆದುಕೊಂಡರು. ಆಗಿನ ಪತ್ನಿ ಎಥೆಲ್ ಫೋಟೋ ತೆಗೆದರು. ಈ ಶ್ರಮದ ಫಲವೇ ಮಧ್ಯಯುಗದ ಸಿಂಹಳ ಕಲೆಯ ಬಗ್ಗೆ 1908ರಲ್ಲಿ ಬಂದ ದೊಡ್ಡ ಗ್ರಂಥ. ಯಂತ್ರದ ಕೆಲಸಕ್ಕಿಂತ ಕೈಕೆಲಸ ಮೇಲು ಎಂದು ನಂಬಿದ್ದ ಅವರು ಅದನ್ನು ಇಂಗ್ಲೆಂಡಿನ ಬ್ರಾಡ್ ಕ್ಯಾಂಪ್ಡೆನ್ ಎಂಬ ಹಳ್ಳಿಯಲ್ಲಿ ಕೈಮುದ್ರಣ ಯಂತ್ರದಲ್ಲೇ ಅಚ್ಚು ಹಾಕಿಸಿದರು. ಒಟ್ಟು 425 ಪ್ರತಿ ಮಾತ್ರ.

ಆ ಗ್ರಂಥದಲ್ಲಿ ಜೈನ ಓದುಗರ ಗಮನ ಸೆಳೆಯುವ ಒಂದು ಭಾಗವಿದೆ. ಸಿಂಹಳ ಶಿಲ್ಪಿ ಬುದ್ಧನ ಮೂರ್ತಿಯನ್ನು ಪೂರ್ತಿ ಮಾಡಿದರೂ ಕಣ್ಣನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಒಳ್ಳೆಯ ಮುಹೂರ್ತ ನೋಡಿ, ವಿಧಿಪೂರ್ವಕವಾಗಿ ಕೊನೆಯಲ್ಲಿ ಕಣ್ಣು ಬರೆಯುತ್ತಾನೆ. ಇದಕ್ಕೆ ನೇತ್ರಮಂಗಲ್ಯ ಎಂದು ಹೆಸರು. ಅಲ್ಲಿಯವರೆಗೆ ಅದು ಬರೀ ಗಾರೆ, ಬರೀ ಲೋಹ. ಪಂಚಕಲ್ಯಾಣ ಪ್ರತಿಷ್ಠೆ ನೋಡಿದವರಿಗೆ ಇದು ಹೊಸದೇನಲ್ಲ. ಕೇವಲಜ್ಞಾನ ಕಲ್ಯಾಣದಂದು ನಡೆಯುವ ನೇತ್ರೋನ್ಮೀಲನದ ನಂತರವೇ ಕಲ್ಲು ಜಿನಬಿಂಬವಾಗಿ ಪೂಜೆಗೆ ಅರ್ಹವಾಗುತ್ತದೆ. ಸಮುದ್ರದಾಚೆಯ ಬೌದ್ಧ ಶಿಲ್ಪಿಗೂ ಇಲ್ಲಿಯ ಪ್ರತಿಷ್ಠಾಚಾರ್ಯರಿಗೂ ಈ ವಿಷಯದಲ್ಲಿ ಒಂದೇ ಭಾವನೆ.

ಕಡುಬಿನ ಹೋಲಿಕೆ ಮತ್ತು ಅದಕ್ಕೆ ಉತ್ತರ

ಆ ಕಾಲದಲ್ಲಿ ಯುರೋಪಿನ ವಿದ್ವಾಂಸರು ಭಾರತದ ಬಟ್ಟೆ, ಒಡವೆ, ಪಾತ್ರೆಗಳನ್ನು ಹೊಗಳುತ್ತಿದ್ದರು. ವಿಗ್ರಹಗಳ ವಿಷಯ ಬಂದಾಗ ಮಾತ್ರ ಮೂಗು ಮುರಿಯುತ್ತಿದ್ದರು. ನಾಲ್ಕು ಕೈ, ಮೂರು ಮುಖ, ಆನೆಯ ತಲೆ ಇವೆಲ್ಲ ಅವರಿಗೆ ವಿಕಾರವಾಗಿ ಕಾಣುತ್ತಿದ್ದವು. ಗ್ರೀಕರು ದೇವರನ್ನು ಸುಂದರ ಮನುಷ್ಯನ ದೇಹದಲ್ಲಿ, ಮಾಂಸಖಂಡ ಎದ್ದು ಕಾಣುವಂತೆ ಕೆತ್ತಿದ್ದರು. ಯುರೋಪಿನವರ ಅಳತೆಗೋಲು ಅದೇ ಆಗಿತ್ತು.

1910ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ ಈ ವಿಚಾರ ಬಿಸಿಯೇರಿತು. ಭಾರತದ ಕೈಗಾರಿಕೆಗಳ ಬಗ್ಗೆ ಪುಸ್ತಕ ಬರೆದಿದ್ದ ಸರ್ ಜಾರ್ಜ್ ಬರ್ಡ್‌ವುಡ್ ಅಧ್ಯಕ್ಷರು. ಭಾರತದಲ್ಲಿ ಉನ್ನತ ಕಲೆ ಎಂಬುದು ಇಲ್ಲವೇ ಇಲ್ಲ ಎಂಬುದು ಅವರ ಅಭಿಪ್ರಾಯ. ಜಾವಾ ದ್ವೀಪದ ಧ್ಯಾನಸ್ಥ ಬುದ್ಧನ ಚಿತ್ರವೊಂದನ್ನು ಕುರಿತು, ಭಾವವಿಲ್ಲದ ಈ ಮೂರ್ತಿಗಿಂತ ಇಂಗ್ಲಿಷರ ಅಡುಗೆಮನೆಯಲ್ಲಿ ಬೇಯಿಸಿದ ಒಂದು ಕಡುಬೂ ಆತ್ಮದ ಶಾಂತಿಯನ್ನು ಅಷ್ಟೇ ಚೆನ್ನಾಗಿ ತೋರಿಸೀತು ಎಂಬ ಅರ್ಥದಲ್ಲಿ ಹೇಳಿಬಿಟ್ಟರು.

ಲಂಡನ್ನಿನ ಹದಿಮೂರು ಮಂದಿ ಕಲಾವಿದರು ಮತ್ತು ವಿಮರ್ಶಕರು ಈ ಮಾತನ್ನು ಖಂಡಿಸಿ ಟೈಮ್ಸ್ ಪತ್ರಿಕೆಗೆ ಪತ್ರ ಬರೆದರು. ಅದೇ ವರ್ಷ ಇಂಡಿಯಾ ಸೊಸೈಟಿ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಕುಮಾರಸ್ವಾಮಿಯವರೂ ಒಬ್ಬರು. ರವೀಂದ್ರನಾಥ ಟಾಗೋರರ ಇಂಗ್ಲಿಷ್ ಗೀತಾಂಜಲಿಯನ್ನು 1912ರಲ್ಲಿ ಮೊದಲು ಪ್ರಕಟಿಸಿದ್ದು ಇದೇ ಸಂಸ್ಥೆ.

ಪತ್ರ ಬರೆದರೆ ಅವಮಾನಕ್ಕೆ ಉತ್ತರವಾಯಿತು, ಅಜ್ಞಾನಕ್ಕೆ ಆಗಲಿಲ್ಲ. ಆ ಕೆಲಸವನ್ನು ಕುಮಾರಸ್ವಾಮಿಯವರು ಲೇಖನದ ಮೇಲೆ ಲೇಖನ ಬರೆದು ಮಾಡಿದರು. ಯೋಗಿಯ ಮೂರ್ತಿಯಲ್ಲಿ ಮಾಂಸಖಂಡ ತೋರಿಸದಿರುವುದು ಶಿಲ್ಪಿಗೆ ಬಾರದ್ದರಿಂದ ಅಲ್ಲ ಎಂದು ಅವರು ವಿವರಿಸಿದರು. ಉಸಿರು ನಿಂತಂತೆ ಇರುವ, ಒಳಗೆ ತಿರುಗಿದ ಮನಸ್ಸನ್ನು ತೋರಿಸಬೇಕಾದಾಗ ದೇಹದ ಶಕ್ತಿಯ ಪ್ರದರ್ಶನ ಅಡ್ಡಿಯಾಗುತ್ತದೆ. ಅನೇಕ ಕೈಗಳು ಅನೇಕ ಶಕ್ತಿಗಳ ಗುರುತು. ಓದು ಬಾರದವನಿಗೆ ಅಕ್ಷರ ಬರೀ ಗೀಟು. ಮೂರ್ತಿಯ ಲಕ್ಷಣ ಓದಲು ಬಾರದವನಿಗೆ ಮೂರ್ತಿಯೂ ಹಾಗೆಯೇ. ಬರ್ಡ್‌ವುಡ್ ಅಂದು ನೋಡಿದ್ದು ಬುದ್ಧನ ಮೂರ್ತಿಯನ್ನು. ಪದ್ಮಾಸನದ ಜಿನಬಿಂಬವನ್ನು ನೋಡಿದ್ದರೂ ಅವರ ಬಾಯಲ್ಲಿ ಬರುತ್ತಿದ್ದ ಮಾತು ಅದೇ. ಆದ್ದರಿಂದ ಅಂದು ಬೌದ್ಧ ಮೂರ್ತಿಗೆ ಸಿಕ್ಕ ಸಮರ್ಥನೆ ಜಿನಬಿಂಬಕ್ಕೂ ಸಲ್ಲುತ್ತದೆ.

1912ರಲ್ಲಿ ಮದರಾಸಿನ ಸಿದ್ಧಾಂತ ದೀಪಿಕಾ ಪತ್ರಿಕೆಯಲ್ಲಿ ನಟರಾಜನ ಕುರಿತು ಅವರ ಪ್ರಸಿದ್ಧ ಲೇಖನ ಬಂತು. ಡಮರು, ಅಗ್ನಿ, ಎತ್ತಿದ ಪಾದ, ಸುತ್ತಲಿನ ಜ್ವಾಲೆಯ ಚಕ್ರ ಒಂದೊಂದಕ್ಕೂ ಶೈವ ಗ್ರಂಥಗಳಿಂದ ಅರ್ಥ ತೋರಿಸಿದರು. ಇದೇ ಲೇಖನದ ಹೆಸರಿನಲ್ಲಿ 1918ರಲ್ಲಿ ನ್ಯೂಯಾರ್ಕಿನಿಂದ ಹದಿನಾಲ್ಕು ಲೇಖನಗಳ ಸಂಗ್ರಹ ಹೊರಬಂತು.

ದೇಶದಲ್ಲಿ ಉಳಿಯದ ಸಂಗ್ರಹ

1910-11ರಲ್ಲಿ ಅಲಹಾಬಾದಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅದರ ಕಲಾ ವಿಭಾಗದ ಹೊಣೆ ಕುಮಾರಸ್ವಾಮಿಯವರದ್ದು. ಆ ನೆಪದಲ್ಲಿ ಉತ್ತರ ಭಾರತವೆಲ್ಲ ಸುತ್ತಿ ಚಿತ್ರಗಳನ್ನು, ಮೂರ್ತಿಗಳನ್ನು ಕೂಡಿಸಿದರು. ಆಗ ಅವುಗಳಿಗೆ ಮಾರುಕಟ್ಟೆಯಲ್ಲಿ ಹೇಳಿಕೊಳ್ಳುವ ಬೆಲೆ ಇರಲಿಲ್ಲ. ರಾಜಸ್ಥಾನ ಮತ್ತು ಪಂಜಾಬಿನ ಬೆಟ್ಟದ ರಾಜ್ಯಗಳ ಚಿತ್ರಗಳು ಮೊಘಲರ ಚಿತ್ರಗಳಿಗಿಂತ ಬೇರೆ ಪರಂಪರೆಗೆ ಸೇರಿದವು ಎಂದು ಗುರುತಿಸಿ, ರಾಜಪುತ ಚಿತ್ರಕಲೆಯ ಬಗ್ಗೆ 1916ರಲ್ಲಿ ಎರಡು ಸಂಪುಟಗಳ ಗ್ರಂಥ ತಂದರು.

ಕಾಶಿಯಲ್ಲಿ ಒಂದು ರಾಷ್ಟ್ರೀಯ ವಸ್ತುಸಂಗ್ರಹಾಲಯ ಆಗಬೇಕು ಎಂಬುದು ಅವರ ಆಸೆ. ಕಟ್ಟಡ ಕಟ್ಟುವುದಾದರೆ ತಮ್ಮ ಸಂಗ್ರಹವನ್ನೆಲ್ಲ ಕೊಡುವುದಾಗಿ ಮುಂದೆ ಬಂದರು. ಹಣ ಕೂಡಲಿಲ್ಲ. ದಾನ ಕೊಡುವವರು ಆ ದಿನಗಳಲ್ಲೂ ಇದ್ದರು. ಹಳೆಯ ಚಿತ್ರ, ಹಳೆಯ ಓಲೆಗೂ ದಾನ ಬೇಕಾಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಭಾರತೀಯರಿಗೆ ಸ್ವಾತಂತ್ರ್ಯ ಕೊಡದ ಸಾಮ್ರಾಜ್ಯಕ್ಕಾಗಿ ಭಾರತೀಯರು ಯುದ್ಧ ಮಾಡುವುದು ಸರಿಯಲ್ಲ ಎಂದು ಅವರು ನಂಬಿದ್ದರು. ಬ್ರಿಟಿಷ್ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. 1917ರಲ್ಲಿ ಅವರು ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯಕ್ಕೆ ಸೇರಿದರು. ಡೆನ್ಮನ್ ರಾಸ್ ಎಂಬ ಶ್ರೀಮಂತರು ಕುಮಾರಸ್ವಾಮಿಯವರ ಸಂಗ್ರಹವನ್ನು ಕೊಂಡು ಅದೇ ಸಂಗ್ರಹಾಲಯಕ್ಕೆ ಕೊಟ್ಟರು. ಕಾಶಿಗೆ ಸಲ್ಲಬೇಕಿದ್ದದ್ದು ಬಾಸ್ಟನ್ನಿಗೆ ಸೇರಿತು. ಅವರೂ ಅದರ ಜೊತೆಗೆ ಹೋಗಿ ಮುಂದಿನ ಮೂವತ್ತು ವರ್ಷ ಅದನ್ನು ಕಾಯ್ದುಕೊಂಡು ಅಲ್ಲೇ ಉಳಿದರು.

ಜೈನ ಹಸ್ತಪ್ರತಿಗಳ ಸೂಚಿ

ಬಾಸ್ಟನ್ನಿನಲ್ಲಿ ಅವರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಸಂಗ್ರಹದ ಪಟ್ಟಿ ಮಾಡುವುದೂ ಒಂದು. ಭಾರತೀಯ ಸಂಗ್ರಹದ ಸೂಚಿ ಹಲವು ಭಾಗಗಳಲ್ಲಿ ಬಂತು. 1924ರಲ್ಲಿ ಬಂದ ನಾಲ್ಕನೇ ಭಾಗ ಪೂರ್ತಿಯಾಗಿ ಜೈನ ಚಿತ್ರಗಳಿಗೆ ಮತ್ತು ಹಸ್ತಪ್ರತಿಗಳಿಗೆ ಮೀಸಲು.

ಸೂಚಿ ಎಂದರೆ ಅಂಗಡಿಯ ದಾಸ್ತಾನು ಪುಸ್ತಕದಂತೆ ಎಂದುಕೊಳ್ಳಬಹುದು. ಯಾವ ಹಾಳೆ, ಎಷ್ಟು ಅಳತೆ, ಯಾವ ಕಾಲದ್ದು, ಚಿತ್ರದಲ್ಲಿ ಏನಿದೆ ಎಂಬುದು ಒಂದೊಂದಾಗಿ ದಾಖಲಾಗಬೇಕು. ಕುಮಾರಸ್ವಾಮಿಯವರು ಅಷ್ಟಕ್ಕೇ ನಿಲ್ಲಲಿಲ್ಲ. ಚಿತ್ರ ಅರ್ಥವಾಗಬೇಕಾದರೆ ಧರ್ಮ ಅರ್ಥವಾಗಬೇಕು ಎಂದು ಜೈನ ತತ್ವ, ಲೋಕದ ರಚನೆ, ತೀರ್ಥಂಕರರ ಚರಿತ್ರೆ ಎಲ್ಲವನ್ನೂ ಅದರಲ್ಲಿ ವಿವರಿಸಿದರು. ಅಮೆರಿಕದ ಓದುಗನೊಬ್ಬನಿಗೆ ಜೈನ ಧರ್ಮದ ಮೊದಲ ಪರಿಚಯ ಒಂದು ವಸ್ತುಸೂಚಿಯಿಂದ ಆಗುವ ಹಾಗಾಯಿತು.

ಆ ಹಾಳೆಗಳಲ್ಲಿ ಮುಖ್ಯವಾದವು ಪಶ್ಚಿಮ ಭಾರತದ ಶ್ವೇತಾಂಬರ ಪರಂಪರೆಯ ಕಲ್ಪಸೂತ್ರ ಮತ್ತು ಕಾಲಕಾಚಾರ್ಯ ಕಥೆಯ ಪ್ರತಿಗಳು. ಕೆಂಪು ಹಾಗೂ ನೀಲಿ ಹಿನ್ನೆಲೆ, ಚಿನ್ನದ ಬಣ್ಣ, ಚೂಪಾದ ಮೂಗು. ಪಕ್ಕಕ್ಕೆ ತಿರುಗಿದ ಮುಖದಲ್ಲಿ ಆಚೆಯ ಕಣ್ಣು ಕೆನ್ನೆಯ ಗೆರೆ ದಾಟಿ ಹೊರಗೆ ಚಾಚಿರುತ್ತದೆ. ತ್ರಿಶಲಾದೇವಿಯ ಸ್ವಪ್ನಗಳು, ಜನ್ಮಾಭಿಷೇಕ, ಕೇಶಲೋಚ, ಸಮವಸರಣ ಇವೆಲ್ಲ ಅಂಗೈ ಅಗಲದ ಜಾಗದಲ್ಲಿ ಬರುತ್ತವೆ. ಶ್ವೇತಾಂಬರ ಚಿತ್ರಗಳಲ್ಲಿ ಸ್ವಪ್ನಗಳು ಹದಿನಾಲ್ಕು. ದಿಗಂಬರ ಪರಂಪರೆಯಲ್ಲಿ ಹದಿನಾರು. ಹರಿಣೇಗಮೇಷಿಯ ಪ್ರಸಂಗವನ್ನು ದಿಗಂಬರರು ಒಪ್ಪುವುದಿಲ್ಲ. ಚಿತ್ರ ನೋಡಿಯೇ ಇದು ಯಾವ ಪರಂಪರೆಯದು ಎಂದು ಹೇಳಬಹುದಾದಷ್ಟು ಈ ಲಕ್ಷಣಗಳು ಸ್ಪಷ್ಟ.

ಒಂದೇ ಪ್ರಸಂಗವನ್ನು ನೂರಾರು ಪ್ರತಿಗಳಲ್ಲಿ ಒಂದೇ ರೀತಿ ಬರೆದಿರುವುದನ್ನು ಕಂಡು ಕೆಲವರು ಇದನ್ನು ಕಲ್ಪನೆಯಿಲ್ಲದ ಕೆಲಸ ಎಂದಿದ್ದರು. ಕುಮಾರಸ್ವಾಮಿಯವರ ನೋಟ ಬೇರೆ. ಚಿತ್ರಕಾರನಿಗೆ ತನ್ನ ಚಮತ್ಕಾರ ತೋರಿಸುವ ಹಂಬಲವಿಲ್ಲ, ಶಾಸ್ತ್ರದಲ್ಲಿ ಹೇಳಿದ್ದನ್ನು ಮುಂದಿನ ತಲೆಮಾರಿಗೆ ತಪ್ಪಿಲ್ಲದೆ ದಾಟಿಸುವುದೇ ಅವನ ಕೆಲಸ ಎಂದು ಅವರು ಅರ್ಥ ಮಾಡಿಕೊಂಡರು.

ಕರ್ನಾಟಕದ ಮೂಡುಬಿದಿರೆಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳ ಮೇಲೆ ಹೊಯ್ಸಳರ ಕಾಲದ ಬಣ್ಣದ ಚಿತ್ರಗಳಿವೆ. ಅವು ಕಡಲು ದಾಟಲಿಲ್ಲ. ತಲೆತಲಾಂತರದಿಂದ ಅವುಗಳನ್ನು ಕಾಪಾಡಿದವರು ಅಲ್ಲಿಯ ಮಠ ಮತ್ತು ಸಮಾಜದವರು. ಕಾಶಿಯಲ್ಲಿ ಆಗದ್ದು ಮೂಡುಬಿದಿರೆಯಲ್ಲಿ ಆಗಿತ್ತು ಎನ್ನುವುದು ಸಣ್ಣ ಮಾತಲ್ಲ.

ಯಕ್ಷರು ಎಲ್ಲಿ ನಿಲ್ಲುತ್ತಾರೆ

1928 ಮತ್ತು 1931ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಅವರ ಯಕ್ಷರು ಎಂಬ ಗ್ರಂಥವನ್ನು ಎರಡು ಭಾಗಗಳಲ್ಲಿ ಪ್ರಕಟಿಸಿತು. ಮರದಲ್ಲಿ, ಕೆರೆಯಲ್ಲಿ, ಊರ ಬಾಗಿಲಲ್ಲಿ ನೆಲೆಸಿ ಮಳೆ, ಬೆಳೆ, ಸಂತಾನ ಕೊಡುವರೆಂದು ಜನ ನಂಬಿದ್ದ ಯಕ್ಷ ಯಕ್ಷಿಯರ ಬಗ್ಗೆ ಅಷ್ಟು ವಿವರವಾಗಿ ಅದಕ್ಕೆ ಮುಂಚೆ ಯಾರೂ ಬರೆದಿರಲಿಲ್ಲ. ಮಥುರಾ ಬಳಿಯ ಪಾರ್ಖಮ್ ಎಂಬಲ್ಲಿ ಸಿಕ್ಕ ಯಕ್ಷನ ಮೂರ್ತಿ ಆಳೆತ್ತರವನ್ನು ಮೀರಿದ್ದು, ಭಾರತದ ಅತ್ಯಂತ ಹಳೆಯ ಕಲ್ಲಿನ ಮೂರ್ತಿಗಳಲ್ಲಿ ಒಂದು. ದೊಡ್ಡ ಧರ್ಮಗಳು ಬಂದಾಗ ಜನ ಈ ದೇವತೆಗಳನ್ನು ಬಿಡಲಿಲ್ಲ. ಸಾಂಚಿ, ಭಾರ್ಹುತ್ ಸ್ತೂಪಗಳಲ್ಲಿ ಅವರು ದ್ವಾರದಲ್ಲಿ, ಕಟಕಟೆಯಲ್ಲಿ ಕಾವಲು ನಿಂತರು.

ಜೈನ ಬಸದಿಯಲ್ಲೂ ಇದೇ ಕ್ರಮ ಕಾಣುತ್ತದೆ. ಆದಿನಾಥರಿಗೆ ಗೋಮುಖ ಮತ್ತು ಚಕ್ರೇಶ್ವರಿ, ನೇಮಿನಾಥರಿಗೆ ಕೂಷ್ಮಾಂಡಿನಿ, ಪಾರ್ಶ್ವನಾಥರಿಗೆ ಧರಣೇಂದ್ರ ಮತ್ತು ಪದ್ಮಾವತಿ. ಹೊಂಬುಜದ ಪದ್ಮಾವತಿ, ಸಿಂಹನಗದ್ದೆಯ ಜ್ವಾಲಾಮಾಲಿನಿ ಅಮ್ಮನವರ ಸನ್ನಿಧಿಗೆ ಹೋಗುವವರು ಇಂದಿಗೂ ಸಾವಿರಾರು. ಇವರು ಸಂಸಾರದಲ್ಲಿರುವ ದೇವತೆಗಳು. ಆದ್ದರಿಂದ ಒಡವೆ ಇದೆ, ವಾಹನ ಇದೆ, ಕೈಯಲ್ಲಿ ಆಯುಧ ಅಥವಾ ಫಲ ಇದೆ. ಜಿನರು ವೀತರಾಗರು. ಬೇಕು ಎಂಬುದೂ ಬೇಡ ಎಂಬುದೂ ಇಲ್ಲದವರ ಕೈಯಲ್ಲಿ ಹಿಡಿಯುವುದಕ್ಕೆ ಏನೂ ಉಳಿದಿಲ್ಲ. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಇಷ್ಟೇ. ಅದನ್ನು ಶಿಲ್ಪಿ ಒಂದು ಮಾತೂ ಆಡದೆ ಕಲ್ಲಿನಲ್ಲಿ ಹೇಳಿದ್ದಾನೆ.

ರೂಪವಿಲ್ಲದ್ದಕ್ಕೆ ರೂಪ

1927ರಲ್ಲಿ ಕುಮಾರಸ್ವಾಮಿಯವರು ಬುದ್ಧಮೂರ್ತಿಯ ಮೂಲದ ಬಗ್ಗೆ ಬರೆದ ಪ್ರಬಂಧ ದೊಡ್ಡ ಚರ್ಚೆ ಎಬ್ಬಿಸಿತು. ಭಾರತೀಯರಿಗೆ ಮೂರ್ತಿ ಮಾಡುವುದನ್ನು ಕಲಿಸಿದವರು ಗಾಂಧಾರದ ಗ್ರೀಕ್ ಶಿಲ್ಪಿಗಳು ಎಂದು ಫ್ರಾನ್ಸಿನ ವಿದ್ವಾಂಸ ಆಲ್ಫ್ರೆಡ್ ಫೂಶೆ ವಾದಿಸಿದ್ದರು. ಯುರೋಪಿನಲ್ಲಿ ಬಹಳ ಜನ ಅದನ್ನು ಒಪ್ಪಿದ್ದರು. ಮಥುರೆಯಲ್ಲೇ, ಯಕ್ಷಮೂರ್ತಿಗಳ ಪರಂಪರೆಯಿಂದಲೇ ಬುದ್ಧನ ಮೂರ್ತಿ ಬೆಳೆದು ಬಂತು ಎಂದು ಕುಮಾರಸ್ವಾಮಿಯವರು ತೋರಿಸಿದರು. ಇದಕ್ಕೆ ಜೈನ ಶಿಲ್ಪಗಳೂ ಸಾಕ್ಷಿ. ಮಥುರೆಯ ಕಂಕಾಲಿ ಟೀಲಾದಲ್ಲಿ ಸಿಕ್ಕ ಆಯಾಗಪಟಗಳೆಂಬ ಪೂಜಾ ಫಲಕಗಳ ನಡುವೆ ಪದ್ಮಾಸನದಲ್ಲಿ ಕುಳಿತ ಪುಟ್ಟ ಜಿನಮೂರ್ತಿಗಳಿವೆ. ಎರಡೂ ಕಡೆಯ ವಾದ ಇಂದಿಗೂ ಪೂರ್ತಿ ಮುಗಿದಿಲ್ಲ. ಆದರೆ ಭಾರತೀಯರು ಮೂರ್ತಿ ಕಲೆಯನ್ನು ಬರೀ ಎರವಲು ತಂದರು ಎಂಬ ಮಾತನ್ನು ಇಂದು ಅಷ್ಟು ಸುಲಭವಾಗಿ ಯಾರೂ ಹೇಳುವುದಿಲ್ಲ.

ಬೌದ್ಧರು ಮೊದಮೊದಲು ಬುದ್ಧನ ಮೂರ್ತಿಯನ್ನೇ ಮಾಡುತ್ತಿರಲಿಲ್ಲ. ಬೋಧಿವೃಕ್ಷ, ಖಾಲಿ ಪೀಠ, ಧರ್ಮಚಕ್ರ, ಪಾದದ ಗುರುತು ಇವುಗಳಿಂದಲೇ ಅವನ ಇರವನ್ನು ಸೂಚಿಸುತ್ತಿದ್ದರು. ಈ ಗುರುತುಗಳ ಅರ್ಥವನ್ನು ಅವರು 1935ರ ಗ್ರಂಥದಲ್ಲಿ ಬಿಡಿಸಿಟ್ಟರು. ಇಸ್ಲಾಮಿನಲ್ಲಿ ದೇವರಿಗೆ ಚಿತ್ರವಿಲ್ಲ. ಅಲ್ಲಿಯ ಕಲಾವಿದರು ದೇವರ ನಾಮವನ್ನೇ ಸುಂದರ ಅಕ್ಷರದಲ್ಲಿ ಮಸೀದಿಯ ಗೋಡೆಗಳ ಮೇಲೆ ಬರೆದರು. ಪೂರ್ವ ಯುರೋಪಿನ ಕ್ರೈಸ್ತರು ಏಸುವಿನ ಮತ್ತು ಸಂತರ ಪಟಗಳನ್ನು ಹಿರಿಯರು ಹಾಕಿಕೊಟ್ಟ ಮಾದರಿ ಬಿಡದೆ ಬರೆದುಕೊಂಡು ಬಂದರು.

ಜೈನರಲ್ಲಿಯೂ ಈ ಕಷ್ಟಕ್ಕೆ ಉತ್ತರಗಳಿವೆ. ಸಮ್ಮೇದ ಶಿಖರದ ಟೋಂಕುಗಳಲ್ಲಿ ಪೂಜೆ ನಡೆಯುವುದು ಚರಣಗಳಿಗೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಭದ್ರಬಾಹು ಸ್ವಾಮಿಗಳ ಗುಹೆಯಲ್ಲಿರುವುದೂ ಪಾದಗಳೇ. ದೇಹವೇ ಇಲ್ಲದ ಸಿದ್ಧ ಪರಮೇಷ್ಠಿಯನ್ನು ತೋರಿಸುವುದು ಹೇಗೆ? ಲೋಹದ ಹಲಗೆಯಲ್ಲಿ ನಿಂತ ಮನುಷ್ಯನ ಆಕಾರವನ್ನು ಕತ್ತರಿಸಿ ತೆಗೆದು, ಆ ಬಯಲನ್ನೇ ಸಿದ್ಧಪ್ರತಿಮೆ ಎಂದು ಪೂಜಿಸುತ್ತಾರೆ. ಲೋಹ ಇಲ್ಲದ ಕಡೆ ಮೂರ್ತಿ ಇದೆ. ಅಮೂರ್ತವನ್ನು ತೋರಿಸಲು ಇದಕ್ಕಿಂತ ಸರಳ ಉಪಾಯ ಜಗತ್ತಿನ ಬೇರೆ ಕಡೆ ಸಿಗುವುದು ಕಷ್ಟ.

1927ರಲ್ಲೇ ಬಂದ ಭಾರತ ಮತ್ತು ಇಂಡೋನೇಷ್ಯಾ ಕಲೆಯ ಇತಿಹಾಸದಲ್ಲಿ ಅವರು ಶ್ರವಣಬೆಳಗೊಳದ ಗೊಮ್ಮಟೇಶ್ವರನಿಗೂ ಜಾಗ ಕೊಟ್ಟರು. ಕಾಲ ಬಳಿಯ ಸರ್ಪಗಳು, ತೊಡೆಯವರೆಗೆ ಬೆಳೆದ ಹುತ್ತ, ತೋಳಿಗೆ ಹಬ್ಬಿದ ಬಳ್ಳಿ, ಇವುಗಳ ನಡುವೆ ಅಲುಗದ ಕಾಯೋತ್ಸರ್ಗದ ಶಾಂತಿಯನ್ನು ವಿವರಿಸಿದರು. ಹದಿನೇಳು ವರ್ಷಗಳ ಹಿಂದೆ ಲಂಡನ್ನಿನ ಸಭೆಯಲ್ಲಿ ಭಾವವಿಲ್ಲದ್ದು ಎನಿಸಿಕೊಂಡ ಶಾಂತಿ ಇದೇ.

ಕೊನೆಯ ವರ್ಷಗಳು

ಮುಂದೆ ಅವರು ಕಾಲ, ಲೋಹ, ಅಳತೆಗಳಿಂದ ತತ್ವದ ಕಡೆಗೆ ತಿರುಗಿದರು. ಸಂಸ್ಕೃತ, ಪಾಲಿ, ಗ್ರೀಕ್, ಲ್ಯಾಟಿನ್ ಗ್ರಂಥಗಳನ್ನು ಮೂಲದಲ್ಲೇ ಓದಿ ಹೋಲಿಸಿದರು. ಶಿಲ್ಪಿ ಮೊದಲು ಧ್ಯಾನದಲ್ಲಿ ಮೂರ್ತಿಯನ್ನು ಕಾಣುತ್ತಾನೆ, ಆಮೇಲೆ ಕಲ್ಲಿಗೆ ಉಳಿ ಇಡುತ್ತಾನೆ ಎಂಬ ಶುಕ್ರನೀತಿಯ ಮಾತೂ, ಯುರೋಪಿನ ಮಧ್ಯಯುಗದ ಕ್ರೈಸ್ತ ಗುರುಗಳ ಮಾತೂ ಒಂದೇ ಎಂದು 1934ರ ಗ್ರಂಥದಲ್ಲಿ ತೋರಿಸಿದರು.

ವೈಯಕ್ತಿಕ ಜೀವನದಲ್ಲಿ ಏಳುಬೀಳುಗಳಿದ್ದವು. ಮೂರು ಮದುವೆಗಳು ಮುರಿದವು. 1930ರಲ್ಲಿ ಕೈಹಿಡಿದ ಅರ್ಜೆಂಟೀನಾದ ಲೂಯಿಸಾ ಅವರು ಕೊನೆಯವರೆಗೆ ಜೊತೆಗಿದ್ದರು. ಮಗ ರಾಮನನ್ನು ಓದಲು ಹರಿದ್ವಾರದ ಗುರುಕುಲಕ್ಕೆ ಕಳಿಸಿದರು.

ಆತ್ಮಚರಿತ್ರೆ ಬರೆದುಕೊಡಿ ಎಂದು ಕೇಳಿದವರಿಗೆ ಅವರು ಒಪ್ಪಲಿಲ್ಲ. ಮರ್ತ್ಯ ಮನುಷ್ಯನ ಪ್ರತಿಕೃತಿ ಮಾಡುವುದು ಸ್ವರ್ಗಕ್ಕೆ ದಾರಿಯಲ್ಲ ಎಂದು ಶಿಲ್ಪಶಾಸ್ತ್ರದ ಮಾತನ್ನೇ ಕಾರಣವಾಗಿ ಕೊಟ್ಟರು. ಇಪ್ಪತ್ತನಾಲ್ಕು ತೀರ್ಥಂಕರರ ಮುಖ ಒಂದೇ ತರಹ ಇರುವುದರ ಗುಟ್ಟೂ ಇಲ್ಲೇ ಇದೆ. ವೃಷಭ, ಶಂಖ, ಸರ್ಪ, ಸಿಂಹ ಎಂಬ ಲಾಂಛನಗಳಿಂದ ಯಾರೆಂದು ತಿಳಿಯುತ್ತೇವೆ. ಮುಖದಲ್ಲಿ ಕಾಣುವುದು ವ್ಯಕ್ತಿಯಲ್ಲ, ಎಲ್ಲರೂ ಮುಟ್ಟಿದ ಒಂದೇ ಸ್ಥಿತಿ.

1947ರ ಆಗಸ್ಟಿನಲ್ಲಿ ಭಾರತ ಸ್ವತಂತ್ರವಾಯಿತು. ಅದೇ ತಿಂಗಳು 22ಕ್ಕೆ ಅವರಿಗೆ ಎಪ್ಪತ್ತು ತುಂಬಿತು. ಗೆಳೆಯರು ಏರ್ಪಡಿಸಿದ ಸಮಾರಂಭದಲ್ಲಿ, ಕೆಲಸದಿಂದ ನಿವೃತ್ತಿ ಪಡೆದು ಭಾರತಕ್ಕೆ ಹೋಗಿ ಹಿಮಾಲಯದ ಕಡೆ ನೆಲೆಸುವುದಾಗಿ ಹೇಳಿದರು. ಆ ಆಸೆ ಕೈಗೂಡಲಿಲ್ಲ. ಸೆಪ್ಟೆಂಬರ್ 9ರಂದು ಬಾಸ್ಟನ್ ಹತ್ತಿರದ ನೀಡಮ್‌ನಲ್ಲಿ, ತಮ್ಮ ಮನೆಯಲ್ಲಿ ಅವರು ತೀರಿಕೊಂಡರು.

ಅವರಿಂದ ಕಲಿಯಬೇಕಾದದ್ದು

ಸಂಗ್ರಹಾಲಯದಲ್ಲೇ ಕೆಲಸ ಮಾಡಿದರೂ, ಈ ಮೂರ್ತಿಗಳನ್ನು ಮಾಡಿದ್ದು ಗಾಜಿನ ಪೆಟ್ಟಿಗೆಯಲ್ಲಿ ಇಡುವುದಕ್ಕಲ್ಲ ಎಂಬುದನ್ನು ಕುಮಾರಸ್ವಾಮಿಯವರು ಕೊನೆಯವರೆಗೂ ಹೇಳುತ್ತಿದ್ದರು. ಪೂಜೆ ನಿಂತು, ಅರ್ಥ ಮರೆತು, ಕಾಯುವವರಿಲ್ಲದಾದಾಗ ಮೂರ್ತಿ ಸಂಗ್ರಹಾಲಯಕ್ಕೆ ಹೋಗುತ್ತದೆ. ಅದೂ ಪುಣ್ಯವಿದ್ದರೆ. ಇಲ್ಲದಿದ್ದರೆ ಕಳ್ಳರ ಪಾಲು, ಗುಜರಿಯ ಪಾಲು.

ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇಂದು ಬಸದಿ ಇದೆ, ಶ್ರಾವಕರ ಮನೆ ಒಂದೋ ಎರಡೋ ಉಳಿದಿವೆ. ಹಳೆಯ ಲೋಹದ ಬಿಂಬಗಳು, ತಾಳೆಗರಿ ಕಟ್ಟುಗಳು ಅಟ್ಟದಲ್ಲಿವೆ. ಇಂತಹ ಕಡೆ ಮೊದಲು ಆಗಬೇಕಾದದ್ದು ಕುಮಾರಸ್ವಾಮಿಯವರು ಮಾಡಿದ ಕೆಲಸವೇ, ಅಂದರೆ ಪಟ್ಟಿ. ಪ್ರತಿ ಬಿಂಬದ ಫೋಟೋ ನಾಲ್ಕೂ ಕಡೆಯಿಂದ, ಎತ್ತರ, ಲಾಂಛನ, ಪೀಠದ ಬರಹ ಒಂದು ಪುಸ್ತಕದಲ್ಲಿ ದಾಖಲಾಗಲಿ. ಪಟ್ಟಿಯ ಒಂದು ಪ್ರತಿ ಬಸದಿಯಲ್ಲಿ, ಒಂದು ಸಮಿತಿಯಲ್ಲಿ, ಒಂದು ಮಠದಲ್ಲಿ ಇರಲಿ. ನೂರು ವರ್ಷ ಮೀರಿದ ಮೂರ್ತಿಗಳನ್ನು 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೋಂದಾಯಿಸಬೇಕು. ಕಳುವಾದ ಮೂರ್ತಿ ಸಿಕ್ಕಾಗ ಇದು ನಮ್ಮದೇ ಎಂದು ತೋರಿಸಲು ಫೋಟೋ ಮತ್ತು ದಾಖಲೆ ಬೇಕೇ ಬೇಕು. ಹೊಳಪು ಬರಲಿ ಎಂದು ಹಳೆಯ ಬಿಂಬವನ್ನು ಆಸಿಡ್ ಹಾಕಿ ಉಜ್ಜುವುದು, ಹಳೆಯ ಕಲ್ಲಿಗೆ ಎಣ್ಣೆಬಣ್ಣ ಬಳಿಯುವುದು ಬೇಡ. ತಾಳೆಗರಿಗಳನ್ನು ಬಿಚ್ಚುವ ಮೊದಲು ತಿಳಿದವರನ್ನು ಕೇಳಬೇಕು.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಮುಂದಿನ ಸಲ ಬಸದಿಯಲ್ಲಿ ಮಗು, ಸ್ವಾಮಿಯ ಕೈಯಲ್ಲಿ ಯಾಕೆ ಏನೂ ಇಲ್ಲ ಎಂದು ಕೇಳಿದಾಗ ಐದು ನಿಮಿಷ ನಿಂತು ಉತ್ತರ ಹೇಳಬೇಕು. ತಂದೆಯ ನಾಡನ್ನು ಎರಡನೇ ವಯಸ್ಸಿನಲ್ಲಿ ಕಳೆದುಕೊಂಡ ಒಬ್ಬರು ಅದನ್ನು ಮೂರ್ತಿಗಳ ಮೂಲಕ ಮತ್ತೆ ಸಂಪಾದಿಸಿಕೊಂಡರು. ಬಸದಿಯ ನೆರಳಲ್ಲೇ ಬೆಳೆಯುವ ಮಕ್ಕಳಿಗೆ ಅದು ಮನೆಯಲ್ಲೇ ಸಿಗಲಿ.

ಜೈ ಜಿನೇಂದ್ರ.